ಹುಲಿಗೆವ್ವನ ಹೆಬ್ಬೆಟ್ಟು

ಅಪ್ಪಾ,

‘ತೀರ್ಥರೂಪರ ಸನ್ನಿಧಾನಕ್ಕೆ’ ಎಂದು ಶುರು ಮಾಡಿ, ಸಾಷ್ಟಾಂಗ ನಮಸ್ಕಾರ ಹಾಕಿ, ‘ಇತ್ತ ಎಲ್ಲರೂ ಕ್ಷೇಮ’ ಎಂದು ಮುಂದುವರಿಸುವುದು ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಬಳ್ಳಾರಿಯ ಅರ್ಧ ಊರಿನ ಕಾಗದಗಳಿಗೆ ಆ ಸಾಲುಗಳನ್ನು ನಾನೇ ಬರೆದಿದ್ದೇನೆ, ನೀವು ಪಕ್ಕದಲ್ಲಿ ಕೂತು ಹೇಳುತ್ತಿದ್ದಿರಿ. ಇವತ್ತು ಮಾತ್ರ ಕೈ ಬರಲಿಲ್ಲ. ನಾಲ್ಕು ಹಾಳೆ ಹರಿದು ಹಾಕಿದೆ. ನಾನು ಕ್ಷೇಮ ಎಂದರೆ ಸುಳ್ಳು, ನೀವು ಕ್ಷೇಮವೇ ಎಂದು ಕೇಳಿದರೆ ಹುಚ್ಚು. ನೀವು ತೀರಿಕೊಂಡು ವರ್ಷ ತುಂಬಿತು. ಹೋದ ವಾರ ನಾನು ಸಿರುಗುಪ್ಪಕ್ಕೆ ಹೋಗಿ ಹುಲಿಗೆವ್ವನನ್ನು ನೋಡಿ ಬಂದೆ. ಆ ಹೆಸರು ಬಂದರೆ ನೀವು ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದಿರಿ, ಗಾಜು ಎಷ್ಟೇ ಚೊಕ್ಕಟವಿದ್ದರೂ. ಈಗ ಕೇಳಿ. ಈ ಸಲ ನಡುವೆ ಬಾಯಿ ಹಾಕಲು ನಿಮ್ಮಿಂದ ಆಗುವುದಿಲ್ಲ.

ನನಗಾಗ ಆರೋ ಏಳೋ ವರ್ಷ. ಅಡುಗೆಮನೆ ಬಾಗಿಲಲ್ಲಿ ನಿಂತು ಬೆಲ್ಲ ಬೇಕೆಂದು ಹಟ ಹಿಡಿದಿದ್ದೆ. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ದಿನವಿಡೀ ಅರ್ಜಿ ಬರೆದು ಬಂದು ನೀವು ರುಮಾಲು ಬಿಚ್ಚುತ್ತಿದ್ದಿರಿ. “ಯಾಕ ಬೇಕು?” ಎಂದು ಕೇಳಿದಿರಿ. “ನಂಗ ಬೇಕನಸ್ತೈತಿ” ಎಂದೆ. “ಅದು ಕಾರಣ ಅಲ್ಲವ್ವ, ಅದು ಸುದ್ದಿ. ಕಾರಣ ಹೇಳು.” ನಾನು ಗೋಡೆ ಕೆರೆಯುತ್ತ ಯೋಚಿಸಿ, “ನಿನ್ನೆ ಕೊಡ್ತೀನಿ ಅಂದಿದ್ರಿ, ಕೊಡಲಿಲ್ಲ” ಎಂದೆ. ನಿಮ್ಮ ಮುಖ ಅರಳಿತು. “ಹಾಂ, ಇದು ಕಾರಣ. ಕೊಟ್ಟ ಮಾತು ಐತಿ, ಅದಕ್ಕ ನಿಮ್ಮವ್ವ ಸಾಕ್ಷಿ ಅದಾಳ” ಎಂದು ಎರಡು ತುಂಡು ಕೊಟ್ಟಿರಿ. ಒಳಗಿನಿಂದ ಅವ್ವ, “ಬೆಲ್ಲ ಕೇಳೋ ಕೂಸಿಗೆ ಸಾಕ್ಷಿ ಕೇಳೋ ಮನಿ ಇದೊಂದ ನೋಡು” ಎಂದು ನಕ್ಕಳು. ನನಗೆ ಆವತ್ತು ಬೆಲ್ಲಕ್ಕಿಂತ ನಿಮ್ಮ ಮುಖ ಅರಳಿದ್ದೇ ಹೆಚ್ಚು ರುಚಿಸಿತು. ನಾನು ಕೆಟ್ಟಿದ್ದು ಅಲ್ಲಿಂದಲೇ ಇರಬೇಕು.

ಎಂಟನೆಯ ಕ್ಲಾಸು ಮುಗಿದ ಬೇಸಿಗೆಯಲ್ಲಿ ನನ್ನನ್ನು ಸಾಲೆ ಬಿಡಿಸಿದಿರಿ. ಬೈದು ಬಡಿದು ಅಲ್ಲ, ವಾದ ಮಾಡಿ. ಕಟ್ಟೆಯ ಮೇಲೆ ಎದುರಿಗೆ ಕೂರಿಸಿಕೊಂಡು, “ಸಾಲಿಗೆ ಯಾಕ ಹೋಗ್ತಾರ?” ಎಂದು ಕೇಳಿದಿರಿ. “ಕಲಿಯಾಕ” ಎಂದೆ. “ಅಲ್ಲಿ ಕಲಿಯೋದು ಹೆಚ್ಚೋ, ನನ್ನ ಹತ್ರ ಕಲಿಯೋದು ಹೆಚ್ಚೋ?” ನಿಮ್ಮ ಹತ್ತಿರ ಎಂದೆ. ಅದು ನಿಜವೂ ಆಗಿತ್ತು. “ಹಂಗಾದ್ರ ಸಾಲಿ ಬಿಟ್ರ ಕಳಕೊಳ್ಳೋದು ಏನು?” ಗೆಳತಿಯರು, ದಾರಿಯ ಹುಣಸೆಮರ, ಗಂಟೆ ಹೊಡೆದ ಕೂಡಲೇ ಹೋ ಎಂದು ಓಡುವುದು, ಇವನ್ನೆಲ್ಲ ಕಾರಣ ಅಂತ ನಿಮ್ಮೆದುರು ಹೇಗೆ ಇಡುವುದು? ಒಪ್ಪಿದೆ. ಒಪ್ಪಿ ಒಳಗೆ ಹೋದ ಮೇಲೆ ಅಳು ಬಂತು. ಒಪ್ಪಿದವಳಿಗೆ ಅಳು ಯಾಕೆ ಬರಬೇಕು ಎಂದು ನೀವೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಬಾಯಿ ಕಟ್ಟಿಹೋಗುವುದು ಬೇರೆ, ಮನಸ್ಸು ಒಪ್ಪುವುದು ಬೇರೆ. ಇಷ್ಟು ಕಲಿಸಿದ ನೀವು ಅದೊಂದನ್ನು ಮಾತ್ರ ಕಲಿಸದೆ ಬಿಟ್ಟಿರಿ. ಮರುದಿನದಿಂದ ನಿಮ್ಮ ಅರ್ಜಿಗಳನ್ನು ಚೊಕ್ಕ ಅಕ್ಷರದಲ್ಲಿ ನಕಲು ಮಾಡಲು ಕೂತೆ.

ಆ ನಕಲು ಮಾಡುವ ಮಧ್ಯಾಹ್ನಗಳು ನೆನಪಾದರೆ, ಸುಳ್ಳು ಯಾಕೆ ಹೇಳಲಿ, ಈಗಲೂ ಮನಸ್ಸಿಗೆ ಹಿತವೇ ಆಗುತ್ತದೆ. ನೀವು ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಹೇಳುತ್ತ ಹೋಗುತ್ತಿದ್ದಿರಿ. “ಕಣ್ಣೀರಿಲೆ ಅರ್ಜಿ ಶುರು ಮಾಡಬ್ಯಾಡ ಶಾಂತವ್ವ. ಕಣ್ಣೀರು ಎರಡೂ ಕಡಿಗೆ ಇರ್ತಾವ.” “ಹೊಲ ಯಾರದು ಅಂತ ಕೇಳಿದ್ರ, ಎದುರಿನಾವ ಕುಡುಕ ಅಂತ ಬರೀಬಾರ್ದು. ಕುಡುಕಗ ಹೊಲ ಇರಬಾರದೇನು?” “ಹಿಂದಿನಿಂದ ನಡಕೊಂಡು ಬಂದೈತಿ ಅಂದ್ರ ನಡಕೊಂಡು ಬಂದೈತಿ ಅಂತ ಅಷ್ಟ. ಸರಿ ಐತಿ ಅಂತ ಅಲ್ಲ.” “ಹೇಳಿದಾವ ಸಾಬೀತು ಮಾಡಬೇಕು, ಕೇಳಿದಾವ ಅಲ್ಲ.” ಇವನ್ನು ಯಾವ ಸಾಲೆಯಲ್ಲಿ ಹೇಳಿಕೊಡುತ್ತಿದ್ದರು? ಅಂಗಡಿಯವನು, ನೆರೆಮನೆಯವರು, ಪುರಾಣ ಹೇಳಲು ಬಂದವರು, ಯಾರ ಮಾತು ಕೇಳಿದರೂ ಎಲ್ಲಿ ತೂತಿದೆ ಎಂದು ನನಗೆ ಕಾಣಿಸತೊಡಗಿತು. ಮನೆಯಲ್ಲೇ ಇರುವ ತೂತು ಕಾಣಲಿಲ್ಲ.

ಅದಕ್ಕಿಂತ ದೊಡ್ಡ ವಿದ್ಯೆ ನಿಮ್ಮ ‘ಉಲ್ಟಾ ಅರ್ಜಿ’. ಬೇವಿನ ಮರದ ಕೆಳಗೆ ಕೂರುತ್ತಿದ್ದ ಉಳಿದ ಯಾವ ಅರ್ಜಿದಾರರಿಗೂ ಅದು ಗೊತ್ತಿರಲಿಲ್ಲ. ನಮ್ಮ ಕಡೆಯವರ ಅರ್ಜಿ ಬರೆಯುವ ಮೊದಲು, ಅವರದೇ ಹೆಸರಿನಲ್ಲಿ ಇನ್ನೊಂದು ಬರೆಯಬೇಕು. ಎದುರಾಳಿ ನಮ್ಮವರ ಬಾಯಿಂದ ಯಾವ ಮಾತು ಕೇಳಲು ಕಾಯುತ್ತಿದ್ದಾನೋ ಆ ಮಾತೆಲ್ಲ ಅದರಲ್ಲಿರಬೇಕು. ಆಮೇಲೆ ಅದನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಒಂದು ಶಬ್ದವೂ ನುಸುಳದಂತೆ ನಿಜವಾದ ಅರ್ಜಿ ಬರೆಯಬೇಕು. ಉಲ್ಟಾ ಅರ್ಜಿಯನ್ನು ರದ್ದಿ ಕಾಗದದ ಬೆನ್ನ ಮೇಲೆ ಬರೆದು, ಕೆಲಸವಾದ ಕೂಡಲೇ ಒಲೆಗೆ ಹಾಕುವುದು ಪದ್ಧತಿ. “ವೈರಿ ಮನ್ಯಾಗ ಒಂದು ತಾಸು ಕುಂತು ಬರಬೇಕು, ಅಲ್ಲೇ ವಸ್ತಿ ಮಾಡಬಾರದು” ಎನ್ನುತ್ತಿದ್ದಿರಿ. ಎಷ್ಟು ಚಂದದ ಮಾತು.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ ಹುಲಿಗೆವ್ವ ನಮ್ಮ ಮನೆ ಹುಡುಕಿಕೊಂಡು ಬಂದಳು. ಸಿರುಗುಪ್ಪದ ಕೇರಿಯ ಹೆಂಗಸು, ಗಂಡ ಸತ್ತಿದ್ದ, ಹನುಮಂತ ಎಂಬ ಬೆಳೆದ ಮಗನಿದ್ದ. ಕಟ್ಟೆಯ ಮೇಲೆ ಕೂಡಲಿಲ್ಲ, ಕೆಳಗೆ ಕಲ್ಲಿನ ಮೇಲೆ ಕೂತಳು. ಮೇಲೆ ಬಾ ಎಂದು ನಾವೂ ಅನ್ನಲಿಲ್ಲ. ಹಳೆಯ ಕಾಲುವೆ ಕೆಳಗಿನ ಎರಡು ಎಕರೆ ಗದ್ದೆಯನ್ನು ಮಾವನ ಕಾಲದಿಂದ ಅವರ ಮನೆಯವರು ಪಾಲಿಗೆ ಮಾಡಿಕೊಂಡು ಬಂದಿದ್ದರು. ಬೆಳೆದದ್ದರಲ್ಲಿ ಧಣಿಗೆ ಅರ್ಧ, ಇವರಿಗೆ ಅರ್ಧ. ಈಗ ಧಣಿ ಉಲ್ಟಾ ಹೊಡೆದಿದ್ದ: ಅವಳು ಪಾಲುದಾರಳಲ್ಲ, ಕೂಲಿಯವಳು, ನಾಳೆಯಿಂದ ಗದ್ದೆಗೆ ಕಾಲಿಡಬಾರದು. ಪಾಲು ಎಂದು ಸಾಬೀತಾದರೆ ಗದ್ದೆ ಉಳಿಯುತ್ತದೆ, ಕೂಲಿ ಎಂದಾದರೆ ಹೋಗುತ್ತದೆ. “ಆ ಗದ್ದಿ ಬಿಟ್ರ ನಮಗೇನೂ ಇಲ್ಲರೀ ಯಪ್ಪಾ. ಮಗ ಹುಟ್ಟಿದ್ದೂ ಅದರ ಬದುವಿನ ಮ್ಯಾಲ” ಎಂದಳು. ನೀವು ಎಲ್ಲ ಕೇಳಿ, “ಹುಲಿಗೆವ್ವ, ನಿನ್ನ ಕಡೆ ನ್ಯಾಯ ಐತಿ, ಸಾಕ್ಷಿನೂ ಅದಾರ. ಚಿಂತಿ ಬಿಡು” ಎಂದಿರಿ. ಅವಳು ಕೂತಲ್ಲಿಂದಲೇ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಆ ಸಲ ಉಲ್ಟಾ ಅರ್ಜಿಯನ್ನು ನಾನು ಬರೆಯುತ್ತೇನೆ ಎಂದೆ, ನೆನಪಿದೆಯಾ? ನನಗೆ ಹದಿನೇಳು. ಇಡೀ ದಿನ ಕೂತು ಬರೆದೆ. ‘ನಾನು ಸದರಿ ಜಮೀನಿನಲ್ಲಿ ಧಣಿಗಳ ಇಚ್ಛೆಯಂತೆ ಕೂಲಿ ಮಾಡಿಕೊಂಡು ಬಂದವಳಿದ್ದು, ನನಗಾಗಲಿ ನನ್ನ ಮನೆತನಕ್ಕಾಗಲಿ ಅದರಲ್ಲಿ ಯಾವ ಪಾಲೂ ಇರುವುದಿಲ್ಲ. ಅವರು ಬಿಡು ಎಂದ ದಿನ ಬಿಡಲು ಒಪ್ಪಿರುತ್ತೇನೆ.’ ಒಂದೊಂದು ಶಬ್ದವನ್ನೂ ತಿಕ್ಕಿ ತೀಡಿ ಕೂರಿಸಿದ್ದೆ. ರದ್ದಿಯ ಬೆನ್ನ ಮೇಲೆ ಬರೆಯಲು ಮನಸ್ಸಾಗಲಿಲ್ಲ. ಒಳ್ಳೆಯ ಕಾಗದ ತೆಗೆದು, ನಿಮಗೆ ತೋರಿಸಬೇಕೆಂದು ಚೊಕ್ಕ ಅಕ್ಷರದಲ್ಲಿ ಬರೆದೆ. ನೀವು ಓದಿ, “ಇದರ ಮುಂದ ನನ್ನ ಅರ್ಜಿ ಸಪ್ಪಗಾತಲ್ಲವ್ವ” ಎಂದಿರಿ. ಅಷ್ಟು ಮೆಚ್ಚುಗೆ ನಿಮ್ಮಿಂದ ನಾನು ಅದುವರೆಗೆ ಕಂಡಿರಲಿಲ್ಲ. ಅದನ್ನು ಒಲೆಗೆ ಹಾಕೋಣ ಎಂದು ನೀವು ಹೇಳಲಿಲ್ಲ, ನನಗೆ ಹಾಕಲು ಕೈ ಬರಲಿಲ್ಲ. ನಿಮ್ಮ ಅರ್ಜಿಯನ್ನೂ ನಾನೇ ನಕಲು ಮಾಡಿ, ಎರಡನ್ನೂ ಒಂದೇ ರೀತಿ ಮೂರು ಮಡಿಕೆ ಮಾಡಿ ನಿಮ್ಮ ಬರವಣಿಗೆ ಪೆಟ್ಟಿಗೆಯ ಮೇಲೆ ಇಟ್ಟೆ.

ವಿಚಾರಣೆಯ ದಿನ ಬೆಳಿಗ್ಗೆ ಹುಲಿಗೆವ್ವ ಹೆಬ್ಬೆಟ್ಟು ಒತ್ತಲು ಬಂದಾಗ ನೀವು ಸ್ನಾನಕ್ಕೆ ಹೋಗಿದ್ದಿರಿ. “ಎರಡು ಸಲ ಓದಿ ಹೇಳಿ ಒತ್ತಿಸು” ಎಂದು ಬಚ್ಚಲಿನಿಂದ ಕೂಗಿ ಹೇಳಿದ್ದಿರಿ. ನಾನು ಓದಲಿಲ್ಲ. ಯಾಕೆ ಎಂದರೆ ಬೇಸರ. ನನ್ನ ಬರಹದ ಮುಂದೆ ಸಪ್ಪಗಾದದ್ದನ್ನು ಎರಡು ಸಲ ಯಾರು ಓದುತ್ತಾರೆ? “ಓದ್ಲೇನು?” ಎಂದು ಬಾಯಿ ಮಾತಿಗೆ ಕೇಳಿದೆ. “ಓದಿದ್ರ ನನಗೇನ್ ತಿಳೀತೈತವ್ವ, ನಿಮ್ಮಪ್ಪ ಬರದಾರಲ್ಲ, ಸಾಕು” ಎಂದಳು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು, ಕೆಳಗಿನ ಮಡಿಕೆ ಮಾತ್ರ ಬಿಡಿಸಿ, ಅವಳ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದೆ. ನೀವು ಅಂಗಿ ಹಾಕಿಕೊಳ್ಳುತ್ತ ಬಂದು, ಹೊತ್ತಾಯಿತು ಎನ್ನುತ್ತ, ಅದೇ ಮಡಿಕೆಯಲ್ಲಿ ‘ಬರೆದವರು’ ಎಂಬಲ್ಲಿ ಸಹಿ ಹಾಕಿದಿರಿ. ಕನ್ನಡಕ ಕಿಟಕಿಯ ಮೇಲಿತ್ತು. ಮೇಲಿನ ಎರಡು ಮಡಿಕೆ ಬಿಡಿಸಲಿಲ್ಲ. ತಲೆ ಓದದೆ ಕಾಲಿಗೆ ಸಹಿ ಹಾಕಬಾರದು ಎಂದು ಊರಿಗೆಲ್ಲ ಹೇಳಿದವರು ನೀವೇ ಅಲ್ಲವೇ?

ಆ ಕನ್ನಡಕ ಕೊಡಲೆಂದೇ ನಾನು ಕಚೇರಿಗೆ ಓಡಿ ಬಂದದ್ದು. ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಬಾಗಿಲಲ್ಲಿ ನಿಂತಾಗ ಗುಮಾಸ್ತ ಓದುತ್ತಿದ್ದ: ‘ಧಣಿಗಳ ಇಚ್ಛೆಯಂತೆ ಕೂಲಿ ಮಾಡಿಕೊಂಡು ಬಂದವಳಿದ್ದು...’ ನನ್ನ ಸಾಲು. ಮೊದಲ ಒಂದು ಗಳಿಗೆ, ಹೇಳಲು ನಾಚಿಕೆಯಾಗುತ್ತದೆ, ಎಷ್ಟು ಚೆನ್ನಾಗಿದೆ ಎನಿಸಿತು. ಆಮೇಲೆ ಕಾಗದ ಬದಲಾದದ್ದು ಹೊಳೆಯಿತು. ಧಣಿಯ ವಕೀಲ ಎದ್ದು ನಿಲ್ಲುವ ಗೋಜಿಗೂ ಹೋಗಲಿಲ್ಲ. ಹುಲಿಗೆವ್ವನಿಗೆ ಆ ಗ್ರಾಂಥಿಕ ಮಾತು ಅರ್ಥವಾಗದೆ, “ಏನಂದ್ರೀ?” ಎಂದು ಅವರಿವರ ಮುಖ ನೋಡಿದಳು. ಗುಮಾಸ್ತ ಬಿಡಿಸಿ ಹೇಳಿದಾಗ, “ಇಲ್ಲರೀ, ನಾ ಹಂಗ ಅಂದಿಲ್ಲರೀ, ಪಾಲಿಗೆ ಮಾಡೀವ್ರೀ” ಎಂದು ಒಂದೇ ಸಮನೆ ಹೇಳತೊಡಗಿದಳು. ವಿಚಾರಣೆಗೆ ಕೂತಿದ್ದ ಸಾಹೇಬರು ನಿಮ್ಮನ್ನು ನೋಡಿ, “ವೀರಣ್ಣ, ಇದನ್ನ ಈಕಿಗೆ ಓದಿ ಹೇಳಿದ್ದಿರೇನು?” ಎಂದು ಕೇಳಿದರು. ನೀವು ಏನೆಂದಿರಿ? “ಓದಿ ಹೇಳಿನ ಒತ್ತಿಸೋದು ನಮ್ಮ ಪದ್ಧತಿ, ಸ್ವಾಮಿ” ಎಂದಿರಿ.

ಅಪ್ಪಾ, ಆ ಸಾಲನ್ನು ಇಷ್ಟು ವರ್ಷ ತಿರುವಿ ತಿರುವಿ ನೋಡಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ಅದು ನಿಮ್ಮ ಪದ್ಧತಿಯೇ ಆಗಿತ್ತು. ಆದರೆ ಅವರು ಪದ್ಧತಿ ಕೇಳಿರಲಿಲ್ಲ, ಆವತ್ತಿನ ಬೆಳಿಗ್ಗೆಯನ್ನು ಕೇಳಿದ್ದರು. ಕೇಳಿದ್ದನ್ನು ಬಿಟ್ಟು ಪಕ್ಕದ ಪ್ರಶ್ನೆಗೆ ಉತ್ತರ ಕೊಡುವವನನ್ನು ನಂಬಬೇಡ ಎಂದು ನನಗೆ ಹೇಳಿಕೊಟ್ಟವರು ಯಾರು? ‘ಕಾಗದ ಬದಲಾಗಿದೆ ಸ್ವಾಮಿ’ ಎಂದಿದ್ದರೆ ಮೂರು ಮಾತು. ಸರಿಯಾದ ಅರ್ಜಿ ಪೆಟ್ಟಿಗೆಯ ಮೇಲೇ ಇತ್ತು, ನಾನು ಓಡಿ ತರುತ್ತಿದ್ದೆ. ನೀವು ಬಾಗಿಲ ಕಡೆ ನೋಡಿದಿರಿ, ನನ್ನನ್ನು ಕಂಡಿರಿ, ಕಣ್ಣು ತೆಗೆದಿರಿ. ಕನ್ನಡಕ ನನ್ನ ಕೈಯಲ್ಲೇ ಉಳಿಯಿತು. ನಾನೂ ಬಾಯಿ ಬಿಡಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಅವಳು, ಓದೋದು ಬ್ಯಾಡ ಅಂದುಬಿಟ್ನಿರಿ ಎನ್ನುತ್ತ ನಿಮ್ಮ ಕಾಲ ಹತ್ತಿರ ಕುಸಿದು ಕೂತಳು. ನೀವು ಬೈಯಲಿಲ್ಲ, ದನಿ ಏರಿಸಲಿಲ್ಲ. ತಾಳ್ಮೆಯಿಂದ ಕೇಳುತ್ತ ಹೋದಿರಿ.

“ಹುಲಿಗೆವ್ವ, ಆ ಹೆಬ್ಬಟ್ಟು ನಿಂದ ಹೌದಿಲ್ಲೋ?”

“ಹೌದ್ರೀ ಯಪ್ಪಾ.”

“ಯಾರರ ಕೈ ಹಿಡಿದು ಒತ್ತಿಸಿದ್ರೇನು?”

“ಇಲ್ರೀ.”

“ಓದ್ತೀವಿ ಅಂದ್ರ ಬ್ಯಾಡ ಅಂದಾಕಿ ಯಾರು?”

“ನಾನ ಅಂದ್ನಿರಿ.”

“ಏನು ಬರದೈತಿ ಅಂತ ಕೇಳದ ಹೆಬ್ಬಟ್ಟು ಒತ್ತಿದ್ರ ತಪ್ಪು ಯಾರ್ದಾತು? ನೀನ ಹೇಳು.”

ಅವಳು ಬಹಳ ಹೊತ್ತು ಯೋಚಿಸಿದಳು, ನಿಜವಾಗಿಯೂ ಯೋಚಿಸಿದಳು. ಆಮೇಲೆ, “ನಂದ ತಪ್ಪಾತ್ರೀ” ಎಂದಳು. “ನಿಮಗೂ ತ್ರಾಸ ಕೊಟ್ನಿರಿ” ಎಂದು ಕೈ ಮುಗಿದಳು.

ಒಂದು ಪ್ರಶ್ನೆಯಲ್ಲೂ ಸುಳ್ಳಿರಲಿಲ್ಲ, ಒಂದು ಉತ್ತರದಲ್ಲೂ ಸುಳ್ಳಿರಲಿಲ್ಲ, ಎಲ್ಲ ಕೂಡಿ ಬಂದದ್ದು ಮಾತ್ರ ಹಸಿ ಸುಳ್ಳು. ‘ನಿನ್ನ ಮುಂದೆ ಯಾವ ಕಾಗದ ಇಟ್ಟರು’ ಎಂಬ ಒಂದೇ ಪ್ರಶ್ನೆಯನ್ನು ನೀವು ಕೇಳಲಿಲ್ಲ. ಅವಳಿಗೆ ಅದನ್ನು ಕೇಳಲು ಗೊತ್ತಿರಲಿಲ್ಲ. ಗೊತ್ತಿದ್ದ ಇನ್ನೊಬ್ಬಳು ಕಂಬದ ಹಿಂದೆ ನಿಂತಿದ್ದಳು.

ಆ ಸಂಜೆ ಮನೆಯಲ್ಲಿ ನೀವು ಸರಿಯಾದ ಅರ್ಜಿಯನ್ನು ತೆಗೆದುಕೊಂಡು ಒಲೆಗೆ ಹಾಕಿದಿರಿ. ನಾನು ತಡೆಯಲು ಹೋದಾಗ, “ನಿನ್ನ ಸಲುವಾಗಿ ಸುಮ್ನಾದ್ನಿ ಶಾಂತವ್ವ. ವೀರಣ್ಣನ ಮಗಳು ಕಾಗದ ಬದಲಾಯಿಸಿದ್ಲು, ಧಣಿ ಕಡಿಂದ ಏನರ ತಿಂದಿರಬೇಕು ಅಂತ ಊರು ಅಂದ್ರ ನಿನ್ನ ಯಾರು ಮದುವಿ ಆಗ್ತಾರ?” ಎಂದಿರಿ. ನನ್ನ ಸಲುವಾಗಿ? ಅರ್ಜಿ ಬರೆಯುವ ಲೈಸೆನ್ಸು ಹೋಗುತ್ತದೆ ಎಂಬ ಭಯ ಇರಲೇ ಇಲ್ಲವೇ? ಇದ್ದಿರಬಹುದು, ಇಲ್ಲದಿರಬಹುದು. ಎರಡೂ ಕೂಡಿ ಇದ್ದಿರಬಹುದು. ನಿಮ್ಮನ್ನು ಪೂರ್ತಿ ದ್ವೇಷ ಮಾಡಲೂ ಬಾರದ ಹಾಗೆ ಅದೊಂದು ಗಂಟು ಹಾಕಿ ಹೋದಿರಿ. ಅವ್ವ ಊಟಕ್ಕೆ ಬಡಿಸುತ್ತ, “ಆ ಹೆಣ್ಮಗಳ ಬಾಯಿಲೆ ತಪ್ಪು ಒಪ್ಪಿಸಿದ್ರಿ. ಇನ್ನ ಆಕಿ ಹೊಟ್ಟಿಗೆ ಏನು ತಿನ್ನಬೇಕು?” ಎಂದಳು. ನೀವು ಅರ್ಧ ಊಟಕ್ಕೇ ಎದ್ದಿರಿ. ಅವ್ವನ ಮಾತಿಗೆ ನೀವು ಉತ್ತರ ಕೊಡದೆ ಎದ್ದದ್ದು ನಾನು ಕಂಡಂತೆ ಅದೊಂದೇ ಸಲ.

ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂಬ ಜಗ್ಗಾಟ ಎದ್ದಾಗ ನೀವು ಮತ್ತೆ ಮೊದಲಿನ ವೀರಣ್ಣ ಆಗಿದ್ದಿರಿ. ಬೆಳಿಗ್ಗೆ ಕನ್ನಡದವರಿಗೆ ಕನ್ನಡದಲ್ಲಿ ಒಂದು ಮನವಿ, ಮಧ್ಯಾಹ್ನ ತೆಲುಗಿನವರಿಗೆ ತೆಲುಗಿನಲ್ಲಿ ಇನ್ನೊಂದು. ಎರಡೂ ಕಡೆಯವರು ನಿಮ್ಮ ಬರಹವನ್ನು ಹೊಗಳಿ ಬಾಳೆಹಣ್ಣು ತಂದು ಕೊಟ್ಟರು. “ನೀವು ಯಾವ ಕಡಿಗ್ರಿ ಅಪ್ಪಾ?” ಎಂದು ಕೇಳಿದರೆ, “ಅರ್ಜಿ ಯಾವ ಕಡೆ ಐತೋ ಆ ಕಡೆ” ಎಂದು ನಕ್ಕಿರಿ. ಮೊದಲಾಗಿದ್ದರೆ ನಾನೂ ನಗುತ್ತಿದ್ದೆ. ಅಷ್ಟರಲ್ಲಿ ನಿಮ್ಮ ಜೊತೆ ವಾದ ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸಾಲೆ ಬಿಡಿಸಿದ ಮಗಳು ಮಾಸ್ತರಿಕೆ ಟ್ರೇನಿಂಗಿಗೆ ಹೋಗುತ್ತೇನೆ ಎಂದಾಗ ನೀವು ಕಾರಣ ಕೇಳಿದಿರಿ. ನಾನು ಹೇಳಲಿಲ್ಲ, ಟ್ರಂಕು ತುಂಬಿಕೊಂಡು ಹೊರಟೆ. ನಿಮ್ಮ ಕಡೆಯ ಕಾಯಿಲೆಯಲ್ಲಿ ಹದಿನೈದು ದಿನ ಪಕ್ಕದಲ್ಲಿ ಕೂತಿದ್ದೆ. ಪೆಟ್ಟಿಗೆಗೆ ಎಣ್ಣೆ ಹಚ್ಚಿಸು ಎಂದಿರಿ, ಲೇಖನಿ ಯಾರಿಗೂ ಕೊಡಬೇಡ ಎಂದಿರಿ. ಇನ್ನೊಂದು ಹೆಸರು ಬರುತ್ತದೆ ಎಂದು ನಾನು ನಿಮ್ಮ ತುಟಿ ನೋಡುತ್ತಲೇ ಇದ್ದೆ...

ಕುರುಗೋಡಿನಲ್ಲಿ ನಾನು ಮಾಸ್ತರಿಕೆ ಮಾಡುವುದು ನಿಮಗೆ ಗೊತ್ತು. ಅಲ್ಲಿ ಹೋದ ತಿಂಗಳು ನಡೆದದ್ದು ಗೊತ್ತಿಲ್ಲ. ಗೋಡೆಯ ನಕಾಶೆ ಹರಿದು ಕೆಳಗೆ ಬಿದ್ದಿತ್ತು, ಕೋಣೆಯಲ್ಲಿ ಗಂಗಿ ಎಂಬ ಹುಡುಗಿ ಒಬ್ಬಳೇ ಇದ್ದಳು. ನಾನು ದನಿ ಏರಿಸಲಿಲ್ಲ. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದರೇ? ಇಲ್ಲ. ನಕಾಶೆ ಮುಟ್ಟಿದ್ದೀಯಾ? ಹೂಂ. ಯಾವಾಗ? ಬೆಳಿಗ್ಗೆ. ಹಾಗಾದರೆ ಹರಿದವರು ಯಾರು, ನೀನೇ ಹೇಳು. ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟು, “ನಾನ ಇರಬೇಕ್ರೀ ಅಕ್ಕೋರ” ಎಂದಳು. ಮೂರು ದಿನದ ಮೇಲೆ ನಾನೇ ಕಿಟಕಿಯ ಅಗಳಿ ಹಾಕದೆ ಬಿಟ್ಟಿದ್ದೆ ಎಂದು ಗೊತ್ತಾಯಿತು. ಗಾಳಿಗೆ ಅದರ ಬಾಗಿಲು ಬಡಿದು ಹೊಸ ನಕಾಶೆಯೂ ಹರಿದಿತ್ತು. ಗಂಗಿಯನ್ನು ಎಲ್ಲ ಮಕ್ಕಳ ಮುಂದೆ ಕರೆದು, ತಪ್ಪು ನಂದು ಎಂದೆ. ಅವಳು ನಂಬಲಿಲ್ಲ. “ಇಲ್ರೀ ಅಕ್ಕೋರ, ನಾ ಮುಟ್ಟಿದ್ನಲ್ಲ” ಎಂದು ನನಗೇ ತಿಳಿಹೇಳಿದಳು. ಮುಂದಿನ ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ.

ಹುಲಿಗೆವ್ವ ಬೇರೆಯವರ ಗದ್ದೆಯಲ್ಲಿ ಸಸಿ ನಾಟಿ ಮಾಡುತ್ತಿದ್ದಳು. ಪಕ್ಕದ್ದೇ ಅವಳ ಎರಡು ಎಕರೆ, ಈಗ ಧಣಿಯದು. ಬದುವಿನ ಮೇಲೆ ಕೂತು ನಾನು ಎಲ್ಲ ಹೇಳಿದೆ. ಉಲ್ಟಾ ಅರ್ಜಿ ಬರೆದವಳು ನಾನು, ಓದದೆ ಒತ್ತಿಸಿದವಳು ನಾನು, ನೋಡದೆ ಸಹಿ ಹಾಕಿದವರು ನೀವು, ಗೊತ್ತಿದ್ದೂ ಸುಮ್ಮನಿದ್ದವರು ಇಬ್ಬರೂ. ಚೀಲದಲ್ಲಿ ಹೊಸ ಅರ್ಜಿ ಒಯ್ದಿದ್ದೆ, ಮತ್ತೆ ವಿಚಾರಣೆ ಆಗಬೇಕೆಂದು. ಮೂರು ಸಲ ಓದಿ ಹೇಳಿದೆ. ಕೆಳಗೆ ನನ್ನ ಸಹಿ ಇತ್ತು, ಅವಳ ಹೆಬ್ಬೆಟ್ಟು ಬೇಕಿತ್ತು. ಅವಳು ಕೆಸರುಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಒತ್ತಂಗಿಲ್ಲವ್ವ. ಡ್ಯಾಮಿನ ಕಾಲಿವಿ ಕಡೆ ಮನಿಜಾಗ ಕೊಡ್ತೀವಿ ಅಂತ ಸರಕಾರದೋರು ಬಂದಾಗಲೂ ನಾ ಒತ್ತಲಿಲ್ಲ. ಎಲ್ಲಾರೂ ಒತ್ತಿ ಜಾಗ ತಗೊಂಡ್ರು” ಎಂದಳು. ನಿಮ್ಮ ಪಾಠವನ್ನು ನನಗಿಂತ ಚೆನ್ನಾಗಿ ಕಲಿತವಳು ಅವಳೇ ಅಪ್ಪಾ. ಒಂದು ಹೆಬ್ಬೆಟ್ಟಿನಿಂದ ಕೆಟ್ಟೆ, ಆದ್ದರಿಂದ ಎಲ್ಲ ಹೆಬ್ಬೆಟ್ಟೂ ಕೆಟ್ಟದ್ದು ಎಂದು ತೀರ್ಮಾನ ಮಾಡಿ, ಎರಡನೆಯ ಸಲವೂ ಕೆಟ್ಟಳು. ನಾನು ವಾದ ಮಾಡಿದೆ. ಕಾರಣ ಕೊಟ್ಟೆ, ಉದಾಹರಣೆ ಕೊಟ್ಟೆ, ಕೊನೆಗೆ ಅತ್ತೆ. “ನೀ ಹೇಳೋದು ಖರೇ ಇರಬೋದವ್ವ. ಖರೇ ಮಾತಿಗೆ ನನ್ನ ಹೆಬ್ಬಟ್ಟು ಯಾಕ ಬೇಕು?” ಎಂದಳು. ನಾನು ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿದೆ.

ಆಮೇಲೆ ಅವಳೇ ಮಗನ ಮಾತು ತೆಗೆದಳು. ಹನುಮಂತ ಹೊಸಪೇಟೆ ಕಡೆ ಡ್ಯಾಮಿನ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದಾನೆ. ಹೆಬ್ಬೆಟ್ಟು ಒತ್ತಿ ಗದ್ದೆ ಕಳೆದವಳ ಮನೆಗೆ ಬರುವುದಿಲ್ಲ ಎಂದಿದ್ದಾನಂತೆ. ಜಗಳವಾದಾಗ ಇವಳೇ, “ಹೌದಪಾ, ನಂದ ತಪ್ಪು” ಎಂದಳಂತೆ. ಮೆಟ್ಟಿಲ ಮೇಲೆ ನೀವು ಒಪ್ಪಿಸಿದ ಮಾತನ್ನು ಅವಳು ಮಗನಿಗೂ ಒಪ್ಪಿಸಿದಳು. “ಅರ್ಜಿ ಬ್ಯಾಡವ್ವ, ಗದ್ದಿ ಹೋತು ಹೋಗ್ಲಿ. ನಿಮ್ಮಪ್ಪನ್ನ ಒಂದ್ಸಲ ಕರಕೊಂಡು ಬಾ. ನನ್ನ ಮಗನ ಮುಂದ ನಿಂತು, ನಿಮ್ಮವ್ವಂದು ತಪ್ಪಿಲ್ಲಪಾ ಅಂತ ಒಂದ ಮಾತು ಹೇಳ್ಲಿ. ನಾ ಹೇಳಿದ್ರ ಅಂವ ನಂಬಂಗಿಲ್ಲ, ನೀ ಹೇಳಿದ್ರೂ ನಂಬಂಗಿಲ್ಲ. ಅವರ ಹೇಳಿದ್ರ ನಂಬ್ತಾನ.”

ನೀವು ತೀರಿಕೊಂಡ ಸುದ್ದಿ ಅವಳಿಗೆ ತಲುಪಿರಲಿಲ್ಲ. ನಾನೇ ಹೇಳಬೇಕಾಯಿತು. ಅವಳು ನಿಮಗಾಗಿ ಅತ್ತಳು ಅಪ್ಪಾ. ಕೆಸರಾದ ಸೆರಗಿನಲ್ಲೇ ಕಣ್ಣೊರೆಸಿಕೊಂಡು, “ಛಲೋ ಮನಿಶ್ಯಾ ಇದ್ರು” ಎಂದಳು. ಆಮೇಲೆ, “ಹಂಗಾದ್ರ ಇನ್ನ ಈ ತಪ್ಪು ನನ್ನ ಕೂಡನ ಮಣ್ಣಿಗೆ ಹೋಗ್ತೈತಿ ಬಿಡು” ಎಂದು ಎದ್ದು ಮತ್ತೆ ಕೆಸರಿಗೆ ಇಳಿದಳು.

ನಿಮಗೆ ತಲುಪದೆ ಹೋದ ಊರಿನ ಸುದ್ದಿ ಒಂದಿದೆ, ಬಳ್ಳಾರಿ ಮೈಸೂರಿಗೆ ಸೇರಿತು. ನಿಮ್ಮ ಎರಡು ಮನವಿಗಳಲ್ಲಿ ಒಂದು ಗೆದ್ದಿತು ಎಂದುಕೊಳ್ಳಿ. ಬರುವ ರಜೆಯಲ್ಲಿ ನಾನು ಹೊಸಪೇಟೆಗೆ ಹೋಗಿ ಹನುಮಂತನನ್ನು ಹುಡುಕುತ್ತೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮ್ಮ ಹೆಸರು ಬಿಡುವುದಿಲ್ಲ, ನನ್ನದೂ ಬಿಡುವುದಿಲ್ಲ. ಅವನು ನಂಬದಿದ್ದರೆ ಮತ್ತೊಂದು ರಜೆಯಲ್ಲಿ ಮತ್ತೆ ಹೋಗುತ್ತೇನೆ. ಅವನ ತಾಯಿ ಕೇಳಿದ್ದು ಒಂದು ಮಾತು, ಅದು ನಿಮ್ಮ ಹತ್ತಿರ ಮಾತ್ರ ಇತ್ತು. ಅದನ್ನು ಹೇಳಲು ನಿಮಗೆ ಐದು ವರ್ಷ ಸಮಯವಿತ್ತು, ಸಿರುಗುಪ್ಪಕ್ಕೆ ದಿನಕ್ಕೆ ಎರಡು ಬಸ್ಸು ಇದ್ದವು.

ಶಾಂತವ್ವ